ಬೀದಿ ಪೋರ್ಟ್ರೇಟ್‌ಗೆ ಆಟೋಫೋಕಸ್: ಇಲ್ಲಿವರೆಗೆ ಏನಾಯ್ತು

ಬೀದಿಯಲ್ಲಿ ಪೋರ್ಟ್ರೇಟ್ ತೆಗೆಯಲು ಕ್ಯಾಮೆರಾದ ಆಟೋಫೋಕಸ್ ಹದಕ್ಕೆ ತರುವ ಕೆಲಸ ಇನ್ನೂ ಮುಗಿದಿಲ್ಲ. ಆದರೆ ಸುಮಾರು ಸೆಟ್ಟಿಂಗ್‌ಗಳು ಈಗ ಒಂದು ಕಡೆ ನಿಂತಿವೆ. ಮತ್ತೆ ಮೆನು ಕೆದಕುವ ಮೊದಲು ಬರೆದಿಡೋಣ ಅಂತ. ಬಾಡಿ, ಅಂದರೆ ಲೆನ್ಸ್ ಬಿಟ್ಟ ಕ್ಯಾಮೆರಾ, ಫುಲ್ ಫ್ರೇಮ್ ಮಿರರ್‌ಲೆಸ್: ಸೆನ್ಸರ್ ದೊಡ್ಡದು, ಒಳಗೆ ಕನ್ನಡಿ ಇಲ್ಲ. ಲೆನ್ಸ್ 85 ಎಂಎಂ ಎಫ್/1.8, ಆಗಾಗ 35 ಎಂಎಂ. ಎಫ್ ನಂಬರ್ ಅಂದರೆ ಅಪರ್ಚರ್, ಬೆಳಕು ಒಳಗೆ ಬರುವ ಕಿಂಡಿಯ ಅಳತೆ; ನಂಬರ್ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಇಲ್ಲಿರುವ ಹೆಚ್ಚಿನ ಸೆಟ್ಟಿಂಗ್‌ಗಳು ಬೇರೆ ಕಂಪನಿಯ ಈಚಿನ ಬಾಡಿಗಳಲ್ಲೂ ಸಿಗುತ್ತವೆ, ಹೆಸರು ಬೇರೆ ಇರಬಹುದು ಅಷ್ಟೆ.

ಸದ್ಯಕ್ಕೆ ನಾನು ಹಿಡಿದುಕೊಂಡಿರುವ ದಾರಿ ಇದು: ಯಾರ ಮುಖ ಅನ್ನುವುದನ್ನು ನಾನು ಹೇಳಬೇಕು. ಆ ಮುಖದಲ್ಲಿ ಕಣ್ಣು ಎಲ್ಲಿದೆ ಅನ್ನುವುದನ್ನು ಕ್ಯಾಮೆರಾ ಹುಡುಕಬೇಕು. ಎರಡನ್ನೂ ಕ್ಯಾಮೆರಾಗೇ ಬಿಟ್ಟರೆ ಜನ ಜಾಸ್ತಿ ಇರುವ ಕಡೆ ಅದು ಕೈಕೊಡುತ್ತದೆ. ಎರಡನ್ನೂ ನಾನೇ ಮಾಡಲು ಹೋದರೆ ಅಷ್ಟರಲ್ಲಿ ಎದುರಿನವರ ಮುಖದ ಭಾವ ಬದಲಾಗಿರುತ್ತದೆ.

ಮೊದಲು ಕೈಯಲ್ಲಿರುವ ಜಾಗ ಎಷ್ಟು ಅಂತ ಲೆಕ್ಕ ಹಾಕಿದೆ. 85 ಎಂಎಂ ಲೆನ್ಸನ್ನು ಎಫ್/1.8ಕ್ಕೆ ಇಟ್ಟು 2 ಮೀಟರ್ ದೂರದಲ್ಲಿ ನಿಂತರೆ ಶಾರ್ಪ್ ಆಗಿ ಕಾಣುವ ಆಳ ಹತ್ತಿರ ಹತ್ತಿರ 6 ಸೆಂಟಿಮೀಟರ್. ಒಂದೂವರೆ ಮೀಟರ್‌ಗೆ ಹೋದರೆ ಮೂರೂವರೆ ಸೆಂಟಿಮೀಟರ್ ಕೂಡ ಸಿಗುವುದಿಲ್ಲ. ಮುಖ ಸ್ವಲ್ಪ ಓರೆಯಾಗಿದ್ದರೆ ಒಂದು ಕಣ್ಣು ಶಾರ್ಪ್, ಇನ್ನೊಂದು ಮಸುಕು. ಅದೇ 2 ಮೀಟರ್‌ನಲ್ಲಿ ಎಫ್/2.8 ಇಟ್ಟರೆ ಸುಮಾರು 9 ಸೆಂಟಿಮೀಟರ್ ಸಿಗುತ್ತದೆ. ಹಿನ್ನೆಲೆ ಆಗಲೂ ಚೆನ್ನಾಗಿಯೇ ಕರಗುತ್ತದೆ. ಹಾಗಾಗಿ ಈಗ ನನ್ನ ಡೀಫಾಲ್ಟ್ ಎಫ್/2.8. ದುಡ್ಡು ಕೊಟ್ಟು ಎಫ್/1.8 ಲೆನ್ಸ್ ತಗೊಂಡು ಎಫ್/2.8ರಲ್ಲಿ ತೆಗೆಯುವುದು ಯಾಕೆ ಅಂತ ಕೇಳುವವರು ಇದ್ದಾರೆ. ಬೆಳಕು ಕಡಿಮೆಯಾದಾಗ ಆ ಎಫ್/1.8 ಬೇಕಾಗುತ್ತದೆ, ಅಲ್ವಾ?

ಮೋಡ್ ವಿಷಯದಲ್ಲಿ ಹೆಚ್ಚು ಯೋಚನೆ ಬೇಕಾಗಲಿಲ್ಲ. ಎಎಫ್-ಸಿ. ಶಟರ್ ಬಟನ್ ಅರ್ಧ ಒತ್ತಿ ಹಿಡಿದಷ್ಟು ಹೊತ್ತೂ ಫೋಕಸ್ ಸರಿಮಾಡುತ್ತಲೇ ಇರುವ ಮೋಡ್, ಕ್ಯಾನನ್‌ನಲ್ಲಿ ಇದಕ್ಕೆ ಸರ್ವೋ ಅನ್ನುತ್ತಾರೆ. ಕೇಳಿ ನಿಲ್ಲಿಸಿದವರು ಕೂಡ ಕಂಬದ ಹಾಗೆ ನಿಲ್ಲುವುದಿಲ್ಲ. ಮಾತಾಡುತ್ತಾ ಮುಂದೆ ವಾಲುತ್ತಾರೆ, ಕಾಲು ಬದಲಿಸುತ್ತಾರೆ. ನಾನೂ ಅಲ್ಲಾಡುತ್ತಿರುತ್ತೇನೆ. ಒಂದೇ ಸಲ ಫೋಕಸ್ ಮಾಡುವ ಎಎಫ್-ಎಸ್‌ನಲ್ಲಿ ಅರ್ಧ ಒತ್ತಿದಾಗ ಫೋಕಸ್ ಅಲ್ಲಿಗೇ ಕಟ್ಟಿಬೀಳುತ್ತದೆ. ಪೂರ್ತಿ ಒತ್ತುವಷ್ಟರಲ್ಲಿ ಎದುರಿನವರು ಮೂರು ಸೆಂಟಿಮೀಟರ್ ವಾಲಿದರೂ ಆ ಫೋಟೋ ಹೋಯಿತು. ಫೇಸ್ ಡಿಟೆಕ್ಷನ್ ಇರುವ ಬಾಡಿಯಲ್ಲಿ, ಅಂದರೆ ಮುಖ ಗುರುತಿಸುವುದಲ್ಲ, ಬೆಳಕಿನ ಎರಡು ಪಾಲನ್ನು ಹೋಲಿಸುವ ಆ ಇನ್ನೊಂದು ಫೇಸ್ (phase) ಡಿಟೆಕ್ಷನ್, ಲೆನ್ಸ್ ಯಾವ ಕಡೆಗೆ ಎಷ್ಟು ತಿರುಗಬೇಕು ಅನ್ನುವುದು ಸೆನ್ಸರ್‌ಗೆ ಗೊತ್ತಾಗುತ್ತದೆ. ಹಾಗಾಗಿ ಎಎಫ್-ಸಿ ಧೈರ್ಯವಾಗಿ ಬಳಸಬಹುದು. ಬರೀ ಕಾಂಟ್ರಾಸ್ಟ್ ನೋಡುವ ಹಳೆಯ ಬಾಡಿಗಳು ಹಿಂದೆ ಮುಂದೆ ತಡಕಾಡಿ ಹುಡುಕುತ್ತವೆ. ಅಂಥದ್ದು ಕೈಯಲ್ಲಿದ್ದರೆ, ನಿಂತವರಿಗೆ ಎಎಫ್-ಎಸ್ ಇಟ್ಟು ಬೇಗ ಬೇಗ ಮತ್ತೆ ಫೋಕಸ್ ಮಾಡಿಕೊಳ್ಳುವುದೇ ವಾಸಿ.

ಫ್ರೇಮಿನ ನಡುವಿನ ಫೋಕಸ್ ಪಾಯಿಂಟ್‌ನಿಂದ ಕಣ್ಣಿಗೆ ಫೋಕಸ್ ಹಿಡಿದು ಆಮೇಲೆ ಫ್ರೇಮ್ ಸರಿಮಾಡುವ ಹಳೇ ಪದ್ಧತಿಯನ್ನೂ ಲೆಕ್ಕ ಹಾಕಿ ನೋಡಿದೆ. ಒಂದೂವರೆ ಮೀಟರ್‌ನಲ್ಲಿ ಫೋಕಸ್ ಹಿಡಿದು ಕ್ಯಾಮೆರಾವನ್ನು 10 ಡಿಗ್ರಿ ತಿರುಗಿಸಿದರೆ ಫೋಕಸ್‌ನ ಸಮತಲ ಕಣ್ಣಿಗಿಂತ ಸುಮಾರು 2.3 ಸೆಂಟಿಮೀಟರ್ ಹಿಂದಕ್ಕೆ ಹೋಗುತ್ತದೆ. ಎಫ್/1.8ರಲ್ಲಿ ನಮಗಿರುವುದು ಮುಂದೆ ಹಿಂದೆ ಎರಡೂ ಸೇರಿ ಮೂರೂವರೆಗಿಂತ ಕಡಿಮೆ. ಅಂದರೆ ಕಣ್ಣು ಆಚೆಗೆ ಬಿತ್ತು. ಎಫ್/5.6ರಲ್ಲಿ ಇದು ಗೊತ್ತೇ ಆಗುವುದಿಲ್ಲ. ಹಾಗಾಗಿ ಈ ಪದ್ಧತಿಯನ್ನು ಬೈಯುವವರೂ ಸರಿ, ಹೊಗಳುವವರೂ ಸರಿ. ಯಾವ ಅಪರ್ಚರ್ ಅಂತ ಕೇಳಬೇಕು, ಅಷ್ಟೆ.

ಏರಿಯಾ: ಹೆಚ್ಚು ಹೊತ್ತು ಹಿಡಿದದ್ದು ಇದೇ

ಏರಿಯಾ ಅಂದರೆ ಫ್ರೇಮಿನ ಎಷ್ಟು ಭಾಗದಲ್ಲಿ ಫೋಕಸ್ ಹುಡುಕಬೇಕು ಅನ್ನುವುದು. ವೈಡ್ ಏರಿಯಾ ಇಟ್ಟು, ಕಣ್ಣು ಹುಡುಕುವ ಐ ಡಿಟೆಕ್ಷನ್ ಹಾಕಿದರೆ ಖಾಲಿ ಗೋಡೆಯ ಮುಂದೆ ಒಬ್ಬರೇ ನಿಂತಿರುವಾಗ ಏನೂ ತೊಂದರೆ ಇಲ್ಲ. ಬೀದಿಯಲ್ಲಿ ಹಾಗಿರುವುದಿಲ್ಲ. ಹಿಂದೆ ಹತ್ತು ಜನ, ಪಕ್ಕದಲ್ಲಿ ಪೋಸ್ಟರ್. ಪೋಸ್ಟರ್‌ನಲ್ಲಿರುವ ಮುಖವೂ ಕ್ಯಾಮೆರಾಗೆ ಮುಖವೇ. ಅದರಲ್ಲೂ ಅದು ದೊಡ್ಡದಾಗಿ, ನೇರವಾಗಿ, ಒಳ್ಳೆ ಬೆಳಕಿನಲ್ಲಿ ಇರುತ್ತದೆ. ನಾವು ತೆಗೆಯಬೇಕಾದವರು ತಲೆ ಬಗ್ಗಿಸಿ ಟೋಪಿಯ ನೆರಳಿನಲ್ಲಿರುತ್ತಾರೆ. ಯಾವುದನ್ನು ಹಿಡಿಯುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಸಿಂಗಲ್ ಪಾಯಿಂಟ್ ಪ್ರಯತ್ನಿಸಿದೆ. ಇಲ್ಲಿ ಹಿಡಿತ ಪೂರ್ತಿ ನನ್ನದು. ಆದರೆ ಜಾಯ್‌ಸ್ಟಿಕ್‌ನಿಂದ ಆ ಚಿಕ್ಕ ಚೌಕವನ್ನು ಕಣ್ಣಿನ ಮೇಲೆ ಕೂರಿಸುತ್ತಾ ಇದ್ದರೆ ಎದುರಿನವರ ಜೊತೆ ಮಾತಾಡುವುದು ನಿಂತುಹೋಗುತ್ತದೆ. ಮಾತು ನಿಂತರೆ ಮುಖ ಬಿಗಿಯಾಗುತ್ತದೆ. ಇದು ಫೋಕಸ್‌ನ ಸಮಸ್ಯೆ ಅಲ್ಲ ಅನ್ನಬಹುದು, ಆದರೆ ಫೋಟೋ ಹಾಳಾಗುವುದು ಹೀಗೆಯೇ.

ಈಗ ನಿಂತಿರುವುದು ಚಿಕ್ಕ ಝೋನ್, ಅದರ ಜೊತೆ ಐ ಡಿಟೆಕ್ಷನ್ ಆನ್. ಝೋನ್ ಮುಖದ ಮೇಲೆ ಬಿದ್ದರೆ ಸಾಕು, ಕಣ್ಣನ್ನು ಕ್ಯಾಮೆರಾವೇ ಹಿಡಿಯುತ್ತದೆ. ಕ್ಯಾಮೆರಾ ಉದ್ದಕ್ಕೆ ಹಿಡಿದಾಗ ಝೋನ್ ಮೇಲಿನ ಮೂರನೇ ಒಂದು ಭಾಗದಲ್ಲಿ, ಅಡ್ಡಕ್ಕೆ ಹಿಡಿದಾಗ ನಡುವಿನಲ್ಲಿ ಇರುವ ಹಾಗೆ ಮಾಡಿದ್ದೇನೆ. ಹಿಡಿದ ದಿಕ್ಕಿಗೆ ತಕ್ಕ ಹಾಗೆ ಪಾಯಿಂಟ್‌ನ ಜಾಗ ನೆನಪಿಡುವ ಆಯ್ಕೆ ಮೆನುವಿನಲ್ಲಿ ಎಲ್ಲೋ ಮೂಲೆಯಲ್ಲಿ ಇರುತ್ತದೆ, ಹುಡುಕಿ ಆನ್ ಮಾಡಿ. ಇಷ್ಟು ಚಿಕ್ಕ ಸೆಟ್ಟಿಂಗ್ ಇಷ್ಟು ಕೆಲಸ ಉಳಿಸುತ್ತದೆ ಅಂತ ಅಂದುಕೊಂಡಿರಲಿಲ್ಲ.

ಯಾರನ್ನು ಆರಿಸಬೇಕು ಅನ್ನುವ ಈ ಪ್ರಶ್ನೆ ಹೊಸದೇನಲ್ಲ. 1992ರಲ್ಲಿ ಬಂದ ಕ್ಯಾನನ್ ಇಒಎಸ್ 5 ಫಿಲ್ಮ್ ಕ್ಯಾಮೆರಾದಲ್ಲಿ ಫೋಟೋ ತೆಗೆಯುವವರ ಕಣ್ಣನ್ನೇ ಓದಿ, ಅವರು ನೋಡುತ್ತಿರುವ ಪಾಯಿಂಟ್‌ಗೆ ಫೋಕಸ್ ಮಾಡುವ ವ್ಯವಸ್ಥೆ ಇತ್ತು. ಪಾಯಿಂಟ್ ಇದ್ದದ್ದು ಐದೇ. ಅದೇ ಯೋಚನೆ 2021ರಲ್ಲಿ ಇಒಎಸ್ ಆರ್3ರಲ್ಲಿ ಮತ್ತೆ ಬಂತು. ನನ್ನ ಬಾಡಿಯಲ್ಲಿ ಅದಿಲ್ಲ. ಝೋನ್‌ನಲ್ಲೇ ಸಂಸಾರ ನಡೆಯಬೇಕು.

ನಡುವೆ ಯಾರಾದರೂ ಅಡ್ಡ ಬಂದರೆ ಏನು ಮಾಡಬೇಕು ಅನ್ನುವುದಕ್ಕೆ ಇನ್ನೊಂದು ಸೆಟ್ಟಿಂಗ್ ಇದೆ. ಟ್ರ್ಯಾಕಿಂಗ್ ಸೆನ್ಸಿಟಿವಿಟಿ. ಫುಟ್‌ಪಾತ್‌ನಲ್ಲಿ ಇದು ಬಹಳ ಮುಖ್ಯ, ಯಾಕೆಂದರೆ ನಮ್ಮಿಬ್ಬರ ನಡುವೆ ಜನ ಹಾಯುತ್ತಲೇ ಇರುತ್ತಾರೆ. ಫೋಕಸ್ ಅವರ ಹಿಂದೆ ಓಡಬಾರದು, ಹಿಡಿದವರನ್ನೇ ಹಿಡಿದುಕೊಂಡಿರಬೇಕು. ಹಾಗಾಗಿ ಅಂಟಿಕೊಳ್ಳುವ ಕಡೆಗೆ ತಿರುಗಿಸಿದ್ದೇನೆ. ಒಂದು ಎಚ್ಚರಿಕೆ: ಸೋನಿಯಲ್ಲಿ 1 ಅಂದರೆ ಅಂಟಿಕೊಳ್ಳುವುದು, 5 ಅಂದರೆ ತಕ್ಷಣ ಬದಲಾಗುವುದು. ನಿಕಾನ್‌ನಲ್ಲಿ ಉಲ್ಟಾ. 5 ಇಟ್ಟರೆ ತಡ ಮಾಡುತ್ತದೆ, 1 ಇಟ್ಟರೆ ಬೇಗ ಹಾರುತ್ತದೆ. ಬೇರೆಯವರು ಹೇಳಿದ ನಂಬರನ್ನು ಸುಮ್ನೆ ಹಾಕಿಕೊಳ್ಳಬೇಡಿ.

ಕಣ್ಣು ಹಿಡಿದ ಮೇಲೂ ಮುಗಿಯುವುದಿಲ್ಲ

ಐ ಡಿಟೆಕ್ಷನ್‌ನ ಚೌಕ ಕಣ್ಣಿನ ಮೇಲಿದ್ದರೂ ದೊಡ್ಡದು ಮಾಡಿ ನೋಡಿದಾಗ ರೆಪ್ಪೆಗೂದಲು ಶಾರ್ಪ್, ಕಣ್ಣಪಾಪೆ ಸ್ವಲ್ಪ ಮಂಕು. ಇದು ಹತ್ತಿರದಿಂದ ದೊಡ್ಡ ಅಪರ್ಚರ್‌ನಲ್ಲಿ ತೆಗೆದಾಗ ಹೆಚ್ಚು. ದಪ್ಪ ಫ್ರೇಮಿನ ಕನ್ನಡಕ ಇದ್ದರೆ ಕೆಲವೊಮ್ಮೆ ಫ್ರೇಮಿಗೇ ಫೋಕಸ್ ಬೀಳುತ್ತದೆ. ಗಾಜಿನಲ್ಲಿ ಆಕಾಶ ಹೊಳೆಯುತ್ತಿದ್ದರೆ ಇನ್ನೂ ಕಷ್ಟ. ಸೆಟ್ಟಿಂಗ್‌ನಿಂದ ಇದಕ್ಕೆ ಮದ್ದು ಸಿಗಲಿಲ್ಲ. ಅರ್ಧ ಹೆಜ್ಜೆ ಹಿಂದೆ ಸರಿದು ಎಫ್/4 ಇಡುವುದು, ಇಲ್ಲವೇ ಅವರಿಗೆ ಗದ್ದ ಸ್ವಲ್ಪ ಇಳಿಸಲು ಹೇಳುವುದು. ಎರಡನೆಯದು ಜಾಸ್ತಿ ಕೆಲಸ ಮಾಡುತ್ತದೆ.

ಯಾವ ಕಣ್ಣು ಅನ್ನುವುದನ್ನು ಆಟೋಗೆ ಬಿಟ್ಟಿದ್ದೇನೆ. ಹತ್ತಿರದ ಕಣ್ಣನ್ನೇ ಅದು ಹೆಚ್ಚಾಗಿ ಆರಿಸುತ್ತದೆ, ನಮಗೂ ಅದೇ ಬೇಕು. ಹತ್ತಿರದ ಕಣ್ಣಿನ ಮೇಲೆ ಕೂದಲು ಬಿದ್ದಿದ್ದಾಗ ಬದಲಿಸಲು ಒಂದು ಬಟನ್ ಕೊಟ್ಟಿದ್ದೇನೆ. ಮೆನುವಿನಲ್ಲಿ ಬಲಗಣ್ಣು ಅಂದರೆ ಸಾಮಾನ್ಯವಾಗಿ ಎದುರಿನವರ ಬಲಗಣ್ಣು, ನಮಗೆ ಎಡಕ್ಕೆ ಕಾಣುವುದು.

ಫೋಕಸ್ ಕೆಲಸವನ್ನು ಶಟರ್ ಬಟನ್‌ನಿಂದ ಬೇರೆ ಮಾಡಲು ಬಳಸುವ ಎಎಫ್-ಆನ್ ಬಟನ್ ಬಗ್ಗೆ ಜನ ಪಂಗಡ ಕಟ್ಟಿಕೊಂಡು ಜಗಳ ಆಡುತ್ತಾರೆ. ನಾನು ಫೋಕಸನ್ನು ಶಟರ್ ಬಟನ್‌ನಲ್ಲೇ ಉಳಿಸಿದ್ದೇನೆ. ಎಎಫ್-ಆನ್‌ಗೆ ಬೇರೆ ಕೆಲಸ: ಒತ್ತಿ ಹಿಡಿದರೆ ಐ ಡಿಟೆಕ್ಷನ್ ಆಫ್ ಆಗಿ, ನಡುವೆ ಸಿಂಗಲ್ ಪಾಯಿಂಟ್ ಬರುತ್ತದೆ. ಕ್ಯಾಮೆರಾ ಹಟಕ್ಕೆ ಬಿದ್ದು ಪೋಸ್ಟರ್‌ನ್ನೇ ನೋಡುತ್ತಿದ್ದಾಗ, ಅಥವಾ ಕೈಗಳ ಫೋಟೋ ತೆಗೆಯಬೇಕಾದಾಗ ಇದೇ ಆಸರೆ.

ಫೋಕಸ್ ಸಿಗುವವರೆಗೂ ಶಟರ್ ತಡೆಯಬೇಕೋ, ಒತ್ತಿದ ಕೂಡಲೇ ತೆಗೆಯಬೇಕೋ ಅನ್ನುವ ಆದ್ಯತೆಯ ಸೆಟ್ಟಿಂಗ್‌ನಲ್ಲಿ ನಾನು ಫೋಕಸ್ ಕಡೆಗೆ. ಓಟದ ಸ್ಪರ್ಧೆಯಾಗಿದ್ದರೆ ಬೇರೆ ಮಾತು. ಪೋರ್ಟ್ರೇಟ್‌ನಲ್ಲಿ ಒಂದು ಕ್ಷಣ ತಡವಾದರೆ ನಡೆಯುತ್ತದೆ.

ಇನ್ನು, ಫೋಕಸ್ ತಪ್ಪಿದೆ ಅಂತ ಎತ್ತಿಟ್ಟ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದಾಗ ಕೆಲವದರಲ್ಲಿ ಫೋಕಸ್ ಸರಿಯಾಗಿಯೇ ಇತ್ತು. ಗುರುತಿಸುವುದು ಸುಲಭ. ಕಣ್ಣು ಮಸುಕಾಗಿದ್ದು ಕಿವಿ ಅಥವಾ ಕಾಲರ್ ಶಾರ್ಪ್ ಇದ್ದರೆ ಫೋಕಸ್ ತಪ್ಪಿದೆ. ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲ್ಲಾಡಿದೆ. ಹಿನ್ನೆಲೆಯ ಅಂಚುಗಳು ನೆಟ್ಟಗಿದ್ದು ಮುಖ ಮಾತ್ರ ಎಳೆದ ಹಾಗಿದ್ದರೆ ಅವರು ಅಲ್ಲಾಡಿದ್ದಾರೆ. ಲೆನ್ಸ್‌ನಲ್ಲಿ ಸ್ಟೆಬಿಲೈಸೇಷನ್ ಇದ್ದರೂ ಎದುರಿನವರ ಅಲುಗಾಟಕ್ಕೆ ಅದು ಏನೂ ಮಾಡುವುದಿಲ್ಲ. ಅದಕ್ಕೆ ಶಟರ್ ವೇಗ ಬೇಕು: ಈಗ ನಿಂತವರಿಗೆ 1/250 ಸೆಕೆಂಡ್, ನಡೆಯುತ್ತಿರುವವರಿಗೆ 1/500 ಕನಿಷ್ಠ. ಬೆಳಕಿಗೆ ಸೆನ್ಸರ್ ಎಷ್ಟು ಸ್ಪಂದಿಸಬೇಕು ಅನ್ನುವ ಐಎಸ್ಒ ಆಟೋ. ಫೋಟೋದಲ್ಲಿ ಗ್ರೇನ್, ಅಂದರೆ ಕಾಳು ಕಾಳು, ಬಂದರೆ ಬರಲಿ.

35 ಎಂಎಂ ಹಾಕಿದ ದಿನ ಆಟೋಫೋಕಸ್ ಪೂರ್ತಿ ಆಫ್ ಮಾಡುವುದೂ ಉಂಟು. ಎಫ್/8 ಇಟ್ಟು 3 ಮೀಟರ್‌ಗೆ ಫೋಕಸ್ ಕಟ್ಟಿದರೆ ಸುಮಾರು 1.9 ಮೀಟರ್‌ನಿಂದ 7 ಮೀಟರ್‌ವರೆಗೆ ಎಲ್ಲ ಶಾರ್ಪ್. ಸುತ್ತಲಿನ ಬೀದಿಯೂ ಫೋಟೋದಲ್ಲಿ ಬೇಕು ಅನ್ನುವಾಗ ಇದಕ್ಕಿಂತ ವೇಗದ ಫೋಕಸ್ ಇಲ್ಲ.

ಆಫ್ ಮಾಡಿದ್ದು: ಫೋಕಸ್ ಆದಾಗ ಬರುವ ಬೀಪ್, ಒತ್ತದಿದ್ದರೂ ಹುಡುಕುತ್ತಲೇ ಇದ್ದು ಬ್ಯಾಟರಿ ತಿನ್ನುವ ಪ್ರೀ-ಎಎಫ್, ಮತ್ತೆ ಮುಂದಿನ ಸಹಾಯದ ದೀಪ. ಗುರುತಿಲ್ಲದವರ ಮುಖಕ್ಕೆ ದೀಪ ಬಿಟ್ಟು ಸಹಜವಾಗಿರಿ ಅಂದರೆ ಹೇಗೆ?

ಎಲ್ಲವನ್ನೂ ಎರಡು ಕಸ್ಟಮ್ ಸ್ಥಾನಗಳಲ್ಲಿ ಉಳಿಸಿದ್ದೇನೆ. ಒಂದು ನಿಂತವರಿಗೆ, ಇನ್ನೊಂದು ನಡೆಯುವವರಿಗೆ. ಬಾಕಿ ಇರುವುದು ಸಂಜೆಯ ಬೆಳಕು. ಅಂಗಡಿಯ ದೀಪ ಬೆನ್ನ ಹಿಂದಿದ್ದು ಮುಖ ಕತ್ತಲಲ್ಲಿದ್ದಾಗ ಐ ಡಿಟೆಕ್ಷನ್ ಹಿಡಿದು ಬಿಟ್ಟು ಮಾಡುತ್ತಿದೆ. ಮುಂದಿನ ಸಲ ಅಲ್ಲಿ ಝೋನ್ ಬದಲು ಸಿಂಗಲ್ ಪಾಯಿಂಟ್ ಇಟ್ಟು, ಮುಖ ಮತ್ತು ಕೂದಲು ಸೇರುವ ಅಂಚಿಗೆ ಫೋಕಸ್ ಹಿಡಿದು, ಎಫ್/2.8ರಲ್ಲಿ ಕಣ್ಣು ಒಳಗೇ ಉಳಿಯುತ್ತದಾ ನೋಡಬೇಕು.