ದೇವಿಮನೆ ಘಟ್ಟದ ಜೇನುತುಪ್ಪ

ಕಾರವಾರದ ಎರಡು ದಿನಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮೀನೂಟ ಚೆನ್ನಾಗಿತ್ತು, ತೀರದಲ್ಲಿ ನಿಲ್ಲಿಸಿಟ್ಟ ಚಾಪಲ್ ಯುದ್ಧನೌಕೆಯೊಳಗೆ ಹೊಕ್ಕು ಸೆಕೆಗೆ ಬೆವೆತು ಹೊರಬಂದೆ. ಬರೆಯಬೇಕೆನಿಸಿದ್ದು ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿದ ಮೇಲಿನದು.

ತಿರುವಿನಲ್ಲಿ ಒಬ್ಬ ಹಳೆಯ ಶೀಶೆಗಳಲ್ಲಿ ಜೇನುತುಪ್ಪ ಮಾರುತ್ತಿದ್ದ. ಮೇಲೆ ಒಂದು ಚೂರು ಜೇನುಹಟ್ಟಿ, ಒಂದು ಸತ್ತ ಹುಳ. ಆ ಹುಳಕ್ಕೇ ಮರುಳಾಗಿ ಆರುನೂರು ರೂಪಾಯಿ ಕೊಟ್ಟೆ. ನೀವು ಕೊಡಬೇಡಿ. ಹುಳವನ್ನು ಯಾರು ಬೇಕಾದರೂ ಹಾಕಬಹುದು.

ಶಿರಸಿಯ ಹತ್ತಿರ ಗೆಳತಿಯ ತವರು. ಅವಳ ಅಪ್ಪಯ್ಯ ಜಗಲಿಯಲ್ಲಿ ಚಾಲಿ, ಅಂದರೆ ಬಿಸಿಲಲ್ಲಿ ಒಣಗಿಸಿ ಸುಲಿದ ಬಿಳಿ ಅಡಿಕೆ, ಹೆಕ್ಕಿ ಬೇರ್ಪಡಿಸುತ್ತಿದ್ದರು. ಶೀಶೆಯಿಂದ ಒಂದು ಹನಿ ನಾಲಗೆಗಿಟ್ಟುಕೊಂಡು, "ಬೆಲ್ಲದ ಪಾಕ, ತಂಗಿ" ಎಂದರು. ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುಗಳ ತೂಕ ನೋಡಿ ಕಲಬೆರಕೆ ಹಿಡಿಯುವ ಯಂತ್ರ, ನಡೆಸುವವಳು ನಾನು. ಮುಖ ಎಲ್ಲಿಡಲಿ?

"ನಿನ್ನ ಯಂತ್ರಕ್ಕೆ ನಾಲಗೆ ಇದೆಯೇ?"

"ಇಲ್ಲ ಅಪ್ಪಯ್ಯ, ದ್ರವ್ಯರಾಶಿ ನೋಡುತ್ತದೆ."

"ರಾಶಿ ಎಂದರೆ ನಮಗೆ ಕೆಂಪಡಿಕೆ" ಎಂದು ನಕ್ಕರು.

ಅಣುಗಳಿಗೆ ವಿದ್ಯುದಂಶ ಕೊಟ್ಟು, ಗಾಳಿಯಿಲ್ಲದ ಕೊಳವೆಯಲ್ಲಿ ಓಡಿಸಿ, ಅಯಸ್ಕಾಂತದಿಂದ ಪಕ್ಕಕ್ಕೆಳೆದರೆ ಹಗುರವಾದದ್ದು ಹೆಚ್ಚು ಬಾಗುತ್ತದೆ, ಭಾರವಾದದ್ದು ಕಡಿಮೆ ಎಂದೆ. "ಭತ್ತ ತೂರಿದ ಹಾಗೆ. ಜೊಳ್ಳು ದೂರ, ಕಾಳು ಹತ್ತಿರ" ಎಂದರು ಅಪ್ಪಯ್ಯ. ವಿದ್ಯಾರ್ಥಿಗಳಿಗೆ ಇಷ್ಟು ವರ್ಷ ಪಾಠ ಹೇಳಿಯೂ ನನಗೆ ಹೊಳೆಯದ ಮಾತು.

ಆಮೇಲೆ ನಾನೇ ಉತ್ಸಾಹದಿಂದ ಹೇಳತೊಡಗಿದೆ. ಕೇಂಬ್ರಿಜ್‌ನಲ್ಲಿ ಜೆ.ಜೆ. ಥಾಮ್ಸನ್ ನಿಯಾನ್ ಅನಿಲವನ್ನು ಹೀಗೆ ತೂರಿದಾಗ ಒಂದರ ಬದಲು ಎರಡು ಗೆರೆಗಳು ಬಿದ್ದವು, 20 ಮತ್ತು 22. ಒಂದೇ ಧಾತುವಿನಲ್ಲೂ ಎರಡು ತೂಕ! ಅವರ ಸಹಾಯಕ ಆಸ್ಟನ್ 1919ರಲ್ಲಿ ಹೆಚ್ಚು ನಿಖರವಾದ ಯಂತ್ರ ಕಟ್ಟಿ, 1922ರಲ್ಲಿ ನೊಬೆಲ್ ಪಡೆದರು. 2008ರಲ್ಲಿ ಚಂದ್ರಯಾನದಿಂದ ಕಳಚಿಕೊಂಡು ಚಂದ್ರನ ಮೇಲೆ ಬಿದ್ದ ಪೆಟ್ಟಿಗೆಯಲ್ಲೂ ಇಂಥ ಯಂತ್ರವಿತ್ತು, ಬೀಳುತ್ತಲೇ ನೀರಾವಿಯ ಸುಳಿವು ಹಿಡಿಯಿತು.

"ಚಂದ್ರ ಇರಲಿ, ಬೆಲ್ಲ ಹೇಗೆ ಸಿಕ್ಕಿಬೀಳುತ್ತದೆ?"

ಇಂಗಾಲದಲ್ಲಿ ನೂರಕ್ಕೆ ಸುಮಾರು ಒಂದು ಪರಮಾಣು 13ರ ತೂಕದ್ದು, ಉಳಿದದ್ದೆಲ್ಲ 12. ಕಬ್ಬು, ಮೆಕ್ಕೆಜೋಳ ಗಾಳಿಯಿಂದ ಇಂಗಾಲ ಹಿಡಿಯುವ ಬಗೆಯೇ ಬೇರೆ. ಅವುಗಳಲ್ಲಿ 13ರದ್ದು ತುಸು ಹೆಚ್ಚು ಉಳಿಯುತ್ತದೆ. ಜೇನುಹುಳ ಮಕರಂದ ತರುವ ಗಿಡಮರಗಳಲ್ಲಿ ಬಹುಪಾಲು ಆ ಬಗೆಯವಲ್ಲ. ಯಂತ್ರಕ್ಕೆ ಅಷ್ಟು ವ್ಯತ್ಯಾಸ ಸಾಕು. ಆದರೆ ಅಕ್ಕಿಯ ಪಾಕ ಬೆರೆಸಿದರೆ ಈ ಲೆಕ್ಕ ಕೈಕೊಡುತ್ತದೆ, ಭತ್ತವೂ ಆ ಗಿಡಮರಗಳ ಪಂಗಡದ್ದೇ.

"ಅಂದರೆ ಕಳ್ಳನೂ ಓದಿಕೊಂಡಿದ್ದಾನೆ."

ಅದಕ್ಕಾಗಿ ಈಗ ಅಕ್ಕಿ ಪಾಕದಲ್ಲಷ್ಟೇ ಸಿಗುವ ಅಣುಗಳನ್ನು ಹುಡುಕುತ್ತೇವೆ ಎಂದೆ. ಯಂತ್ರ ಶಿರಸಿ ಪೇಟೆಗೂ ಬಂದೀತೇ ಎಂದು ಕೇಳಿದರು. ಸೂಟ್‌ಕೇಸಿನಷ್ಟು ಚಿಕ್ಕವು ಬಂದಿವೆ. ಒಳಗಿನ ಗಾಳಿ ಹೀರುವ ಪಂಪೇ ಇನ್ನೂ ತೊಡಕು, ಗಾಳಿ ಉಳಿದರೆ ಅಣುಗಳು ಢಿಕ್ಕಿ ಹೊಡೆದು ದಾರಿ ತಪ್ಪುತ್ತವೆ ಎಂದೆ.

ಅವರು ಒಳಗಿನಿಂದ ಮಿಸರಿ ಜೇನು, ಅಂದರೆ ಕುಟುಕದ ಪುಟ್ಟ ಹುಳದ ಜೇನುತುಪ್ಪ, ತಂದು ಅಂಗೈಗೆ ಬಿಟ್ಟರು. ತೆಳ್ಳಗೆ, ಹುಳಿ ಬೆರೆತ ಸಿಹಿ. ಮಾರನೆಯ ದಿನ ನೋಡಿದ ಜಲಪಾತ ನನಗೆ ನೆನಪಿಲ್ಲ.

ಕೈ ತೊಳೆದು ಬಂದು ನಾನೂ ಅಡಿಕೆ ಆರಿಸಲು ಕುಳಿತೆ. ಚಾಲಿಯ ಗುಡ್ಡೆಗೆ ನಾನು ಹಾಕಿದ ಎರಡು ಕೋಕಾಗಳನ್ನು, ಅಂದರೆ ಕಳಪೆ ಅಡಿಕೆಗಳನ್ನು, ಅಪ್ಪಯ್ಯ ಮಾತನಾಡದೆ ಹೆಕ್ಕಿ ಆಚೆಗಿಟ್ಟರು.