ಬೇಕಲಕ್ಕೆ ಹೊರಟಿದ್ದೀರಾ? ಮೊದಲು ಕೆರೆ, ಆಮೇಲೆ ಕೋಟೆ, ಕೊನೆಗೆ ಕಡಲು

ಕಾಸರಗೋಡಿನ ಕಡೆ ಬರುವ ನೆಂಟರೆಲ್ಲ ಫೋನಿನಲ್ಲಿ ಕೇಳುವುದು ಒಂದೇ ಮಾತು: ಬೇಕಲ ಒಂದು ದಿನದಲ್ಲಿ ಮುಗಿಯುತ್ತಾ? ಧಾರಾಳ ಮುಗಿಯುತ್ತದೆ. ಆದರೆ ಹೊತ್ತು ನೋಡಿಕೊಂಡು ಹೊರಡಬೇಕು. ಮಂಗಳೂರಿನಿಂದ ಬರುವ ಹೆಚ್ಚಿನವರು ಹನ್ನೊಂದು, ಹನ್ನೆರಡು ಗಂಟೆಗೆ ನೇರ ಕೋಟೆಗೆ ಹೋಗಿ ನಿಲ್ಲುತ್ತಾರೆ. ಒಳಗೆ ನೆರಳು ಕಡಿಮೆ. ಬಿಸಿಲು ತಲೆ ಮೇಲೆ, ಕಾದ ಕೆಂಪುಕಲ್ಲು ಕಾಲಡಿ. ಎರಡು ಗಂಟೆಯೊಳಗೆ ಮಕ್ಕಳು ಅಳಲು ಶುರು ಮಾಡುತ್ತಾರೆ. ಬೀಚು ನೋಡದೆಯೇ ವಾಪಸ್ ಹೋದವರು ಎಷ್ಟೋ ಜನ.

ಕ್ರಿಸ್ಮಸ್ ರಜೆಗೆ ಮೈಸೂರಿನಿಂದ ಅಕ್ಕ, ಭಾವ, ಮಕ್ಕಳು ಬಂದಿದ್ದಾಗ ನಾವು ಹೋದ ಕ್ರಮವನ್ನೇ ಇಲ್ಲಿ ಹೇಳುತ್ತೇನೆ. ಮಂಡಿ ನೋವಿನ ಅಮ್ಮನೂ ಜೊತೆಗಿದ್ದರು. ಅವರಿಗೂ ಕಷ್ಟವಾಗಲಿಲ್ಲ.

ಬೆಳಗ್ಗೆ ಮೊದಲು ಅನಂತಪುರದ ಕೆರೆ ದೇವಸ್ಥಾನಕ್ಕೆ ಹೋಗಿ. ಕುಂಬಳೆಯಿಂದ ಬದಿಯಡ್ಕ ರಸ್ತೆಯಲ್ಲಿ ನಾಯ್ಕಾಪಿಗೆ ಬಂದು ತಿರುಗಬೇಕು. ಕುಂಬಳೆಯಿಂದ ಹೆಚ್ಚೆಂದರೆ ಅರ್ಧ ಗಂಟೆಯ ದಾರಿ. ಮುರಕಲ್ಲಿನ ಬಯಲಿನ ನಡುವೆ ಕೆರೆ, ಕೆರೆಯ ನಡುವೆ ಗರ್ಭಗುಡಿ. ದಡದಿಂದ ಪುಟ್ಟ ಸೇತುವೆಯ ಮೇಲೆ ನಡೆದು ಹೋಗಬೇಕು. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದೇ ಎಂಬುದು ಇಲ್ಲಿನವರ ನಂಬಿಕೆ. ಈ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆಯ ಹೆಸರು ನೀವೂ ಕೇಳಿರುತ್ತೀರಿ. ನೈವೇದ್ಯದ ಅನ್ನ ತಿಂದು, ಯಾರಿಗೂ ತೊಂದರೆ ಕೊಡದೆ ಇತ್ತು ಅಂತ ಹೇಳುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಅದು ಸತ್ತಾಗ ಊರಿಗೆ ಊರೇ ನೋಡಲು ಬಂದಿತ್ತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಹಾಗಾಗಿ ಮಕ್ಕಳು ಮೆಟ್ಟಿಲಿಳಿದು ನೀರಿಗೆ ಕಾಲು ಹಾಕದಂತೆ ನೋಡಿಕೊಳ್ಳಿ. ಗಂಡಸರು ಒಳಗೆ ಹೋಗುವಾಗ ಅಂಗಿ ತೆಗೆಯಬೇಕು, ಹೆಗಲಿಗೊಂದು ಶಾಲು ಇದ್ದರೆ ಒಳ್ಳೆಯದು. ಮಧ್ಯಾಹ್ನ ಗುಡಿಯ ಬಾಗಿಲು ಮುಚ್ಚುತ್ತದೆ, ಹತ್ತು ಗಂಟೆಯೊಳಗೆ ತಲುಪಿದರೆ ಸಮಾಧಾನದಿಂದ ನೋಡಬಹುದು.

ಊಟ ಕಾಸರಗೋಡು ಪೇಟೆಯಲ್ಲೇ ಮುಗಿಸಿ. ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಂಡು ಎರಡೂವರೆಗೆ ಹೊರಟರೆ ಸಾಕು.

ದಾರಿಯ ವಿಷಯ ಒಂದು ಹೇಳಬೇಕು. ಫೋನಿನ ಮ್ಯಾಪು ಒಮ್ಮೊಮ್ಮೆ ಚೆರ್ಕಳ, ಪೊಯಿನಾಚಿ ಮೇಲೆ ಹೆದ್ದಾರಿ ತೋರಿಸುತ್ತದೆ. ಅದು ಬೇಡ. ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು ಮಾರ್ಗವಾಗಿ ಹೋಗಿ. ಸೇತುವೆಯ ಮೇಲೆ ಎರಡೂ ಕಡೆ ಹೊಳೆ ಕಾಣುತ್ತದೆ, ಮುಂದೆ ಪೂರ್ತಿ ತೆಂಗಿನ ತೋಟಗಳ ಊರು. ಬಸ್ಸಿನಲ್ಲಿ ಬರುವವರು ಕಾಸರಗೋಡು ಸ್ಟ್ಯಾಂಡಿನಲ್ಲಿ 'ಚಂದ್ರಗಿರಿ ಮೇಲೆ ಕಾಞಂಗಾಡಿಗೆ' ಅಂತ ಕೇಳಿದರೆ ಸಾಕು, ಬಸ್ಸು ತೋರಿಸುತ್ತಾರೆ. ಬೇಕಲ ಕೋಟೆ ಹೆಸರಿನ ರೈಲು ನಿಲ್ದಾಣವೂ ಇದೆ. ಆದರೆ ದೊಡ್ಡ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ. ಪ್ಯಾಸೆಂಜರ್ ಸಮಯ ನೋಡಿಕೊಂಡು ಬರಬೇಕು.

ಕೋಟೆಗೆ ಮೂರೂವರೆ ಹೊತ್ತಿಗೆ ಒಳಗೆ ಹೋದರೆ ಸರಿ. ದೊಡ್ಡವರಿಗೆ 25 ರೂಪಾಯಿ ಟಿಕೆಟ್, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಬಾಗಿಲಿನ ಹತ್ತಿರವೇ ಆಂಜನೇಯನ ಗುಡಿ ಇದೆ, ಅಮ್ಮ ಅಲ್ಲಿಯೇ ಸ್ವಲ್ಪ ಹೊತ್ತು ಕೂತರು. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ ಇದು. ಶಿವಮೊಗ್ಗ ಕಡೆಯಿಂದ ಬಂದವರಿಗೆ ಇದನ್ನು ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ. ನಾಯಕರ ನಂತರ ಹೈದರಾಲಿ, ಟಿಪ್ಪು, 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿ. ಆಮೇಲೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಬೇಕಲ ತಾಲೂಕಿಗೆ ಇದೇ ಮುಖ್ಯ ಊರಾಗಿತ್ತು. ಕಾಸರಗೋಡು ತಾಲೂಕು ಬಂದದ್ದು ಆಮೇಲೆ, 1862ರಲ್ಲಿ.

ಒಳಗೆ ಅರಮನೆ ಹುಡುಕಬೇಡಿ, ಇಲ್ಲ. ಇದು ಕಾವಲಿಗೆಂದೇ ಕಟ್ಟಿದ ಕೋಟೆ. ನಡುವಿನ ವೀಕ್ಷಣಾ ಗೋಪುರಕ್ಕೆ ಮೆಟ್ಟಿಲಲ್ಲ, ಅಗಲವಾದ ಇಳಿಜಾರು. ಹಾಗಾಗಿ ಅಮ್ಮನೂ ನಿಧಾನಕ್ಕೆ ಹತ್ತಿದರು. ಮೇಲೆ ನಿಂತರೆ ದಕ್ಷಿಣದ ಕಡೆ ಪಳ್ಳಿಕ್ಕೆರೆ ಬೀಚು ಪೂರ್ತಿ ಕಾಣುತ್ತದೆ. ಕಡಲ ಕಡೆಯ ಗೋಡೆಯ ಕಿಂಡಿಗಳನ್ನು ಮಾತ್ರ ಬಿಡದೆ ನೋಡಿ. ಮೇಲಿನ ಸಾಲಿನ ಕಿಂಡಿಯಲ್ಲಿ ಕಣ್ಣಿಟ್ಟರೆ ದೂರದ ನೀರು ಕಾಣುತ್ತದೆ, ಕೆಳಗಿನದರಲ್ಲಿ ಅದಕ್ಕಿಂತ ಹತ್ತಿರ, ಎಲ್ಲಕ್ಕಿಂತ ಕೆಳಗಿನದರಲ್ಲಿ ಕೋಟೆಯ ಬುಡ. ಹಡಗು ಹತ್ತಿರ ಬಂದ ಹಾಗೆ ಬಂದೂಕು ಕೆಳಗಿನ ಕಿಂಡಿಗೆ ಇಳಿಯುತ್ತಿತ್ತು. ಅಕ್ಕನ ಮಗ ಬಗ್ಗಿ ಬಗ್ಗಿ ಮೂರರಲ್ಲೂ ನೋಡಿ, "ಮಾಮಾ, ಈಗ ಆ ದೋಣಿ ನನಗೆ ಯಾವ ಕಿಂಡಿಯಲ್ಲಿ ಸಿಗುತ್ತೆ?" ಅಂತ ಮೀನಿನ ದೋಣಿಯನ್ನು ತೋರಿಸಿ ಕೇಳಿದ. ಚರಿತ್ರೆ ಪುಸ್ತಕ ಕಂಡರೆ ದೂರ ಓಡುವ ಹುಡುಗ ಅವನು.

ಸೂರ್ಯ ಮುಳುಗುವ ಮೊದಲೇ ಕೋಟೆ ಮುಚ್ಚುತ್ತಾರೆ. ಸೂರ್ಯಾಸ್ತ ನೋಡಬೇಕಾದ ಜಾಗ ಬೀಚು. ಅದಕ್ಕೇ ಈ ಕ್ರಮ. ಡಿಸೆಂಬರ್ ಕೊನೆಯಲ್ಲಿ ಸುಮಾರು ಆರೂ ಕಾಲಕ್ಕೆ ಸೂರ್ಯ ಮುಳುಗುತ್ತಾನೆ, ಐದು ಗಂಟೆಗೆ ಪಳ್ಳಿಕ್ಕೆರೆಯಲ್ಲಿದ್ದರೆ ಒಂದು ಗಂಟೆ ನಿಮ್ಮದು. ಗಾಡಿಯಲ್ಲಿ ಕೆಲವೇ ನಿಮಿಷ.

ಬೀಚ್ ಪಾರ್ಕಿಗೆ ಸಣ್ಣ ಟಿಕೆಟ್ ಇದೆ, ಪಾರ್ಕಿಂಗಿಗೆ ಬೇರೆ. ಚಿಲ್ಲರೆ ಇಟ್ಟುಕೊಳ್ಳಿ. ಮಕ್ಕಳಿಗೆ ಆಟದ ಜಾಗ, ದೊಡ್ಡವರಿಗೆ ಕೂರಲು ಬೆಂಚು ಎರಡೂ ಇವೆ. ಇಲ್ಲಿ ತಿನ್ನಲೇಬೇಕಾದದ್ದು ಉಪ್ಪಿಲಿಟ್ಟದ್ದು. ಗಾಜಿನ ಭರಣಿಗಳಲ್ಲಿ ಉಪ್ಪುನೀರು, ಹಸಿಮೆಣಸು ಹಾಕಿ ನೆನೆಸಿಟ್ಟ ನೆಲ್ಲಿಕಾಯಿ, ಮಾವು, ಅನಾನಸು, ಕ್ಯಾರೆಟ್. ಅನಾನಸಿನ ತುಂಡು ಬಾಯಿಗಿಟ್ಟಾಗ ಮೊದಲು ಸಿಹಿ, ಆಮೇಲೆ ಉಪ್ಪು, ನುಂಗುವಾಗ ಖಾರ. ಅಕ್ಕ ಮೂಗು ಒರೆಸಿಕೊಳ್ಳುತ್ತಲೇ ಇನ್ನೊಂದು ತಟ್ಟೆ ತೆಗೆದುಕೊಂಡಳು. ಖಾರ ಜಾಸ್ತಿ ಆದರೆ ಪಕ್ಕದಲ್ಲೇ ಕುಲುಕ್ಕಿ ಸರ್ಬತ್, ಅಂದರೆ ಕುಲುಕಿ ಮಾಡುವ ನಿಂಬೆ ಶರಬತ್ತು, ಸಿಗುತ್ತದೆ. ಕುದುರೆ ಸವಾರಿ ಮಾಡಿಸುವವರು ಬಂದರೆ ಹತ್ತುವ ಮೊದಲೇ ರೇಟು ಮಾತಾಡಿ, ಎಲ್ಲಿಯವರೆಗೆ ಅಂತಲೂ ಕೇಳಿ.

ಈಗ ನೀರಿನ ಮಾತು. ಇದನ್ನು ದಯವಿಟ್ಟು ಓದದೆ ಬಿಡಬೇಡಿ. ಊರ ಕೆರೆಯಲ್ಲಿ, ಹೊಳೆಯಲ್ಲಿ ಈಜಿ ಬೆಳೆದವರಿಗೆ ಒಂದು ಧೈರ್ಯ ಇರುತ್ತದೆ ಅಲ್ವಾ, ಆ ಧೈರ್ಯ ಕಡಲಲ್ಲಿ ಸಾಲದು. ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗಲು ದಾರಿ ಹುಡುಕುತ್ತದೆ. ಅಕ್ಕಪಕ್ಕ ಅಲೆ ಒಡೆದು ನೊರೆ ಬರುತ್ತಿರುವಾಗ ನಡುವೆ ಒಂದು ಕಡೆ ಮಾತ್ರ ನೀರು ಸುಮ್ನೆ ಇದ್ದಂತೆ, ಸ್ವಲ್ಪ ಕಪ್ಪಾಗಿ ಕಂಡರೆ ಅದೇ ಆ ದಾರಿ. ಗೊತ್ತಿಲ್ಲದವರು ಅಲೆ ಇಲ್ಲ ಅಂತ ಅಲ್ಲಿಗೇ ಇಳಿಯುತ್ತಾರೆ. ಅದು ಒಳಗೆ ಎಳೆದುಕೊಂಡು ಹೋಗುತ್ತದೆ. ಸಿಕ್ಕಿಬಿದ್ದರೆ ನೇರ ದಡಕ್ಕೆ ಈಜಲು ಹೋಗಬೇಡಿ, ಕೈ ಸೋಲುತ್ತದೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡದ ಕಡೆ ತಿರುಗಬೇಕು. ಈಜಲು ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಬೇಕು. ಮುಳುಗುತ್ತಿರುವವರ ಹಿಂದೆ ಮನೆಯವರು ಒಬ್ಬರಾದ ಮೇಲೆ ಒಬ್ಬರು ಹಾರುವುದು ಬೇಡವೇ ಬೇಡ. ಹಗ್ಗ, ಖಾಲಿ ಕ್ಯಾನು, ಏನು ಸಿಕ್ಕಿದರೂ ಎಸೆಯಿರಿ.

ನಮ್ಮ ಮನೆಯ ಲೆಕ್ಕ ಮೊಣಕಾಲು. ಅದಕ್ಕಿಂತ ಆಳಕ್ಕೆ ಯಾರೂ ಇಲ್ಲ, ಭಾವನೂ ಇಲ್ಲ. ಮಕ್ಕಳ ಕೈ ಹಿಡಿದವರ ಇನ್ನೊಂದು ಕೈಯಲ್ಲಿ ಫೋನು ಇರಬಾರದು. ಕಾವಲಿನವರು ಸೀಟಿ ಊದಿದರೆ ವಾದ ಮಾಡದೆ ಹೊರಗೆ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾದ ನೆನೆಸುವುದೂ ಬೇಡ. ಮಳೆಗಾಲದಲ್ಲಿ ಕೋಟೆ ಹಸಿರಾಗಿ ಚೆನ್ನಾಗಿರುತ್ತದೆ, ಕಡಲನ್ನು ಮಾತ್ರ ದೂರದಿಂದ ನೋಡಿ.

ಕಸದ ವಿಷಯದಲ್ಲಿ ನನಗೆ ಬೇಜಾರಿದೆ. ಅಲೆ ಬಂದು ನಿಲ್ಲುವ ಗೆರೆಯುದ್ದಕ್ಕೂ ಐಸ್‌ಕ್ರೀಮ್ ಕಪ್ಪು, ಚಮಚ, ಚಿಪ್ಸ್ ಪ್ಯಾಕೆಟ್ಟು ಇದ್ದವು. ಮನೆಯಿಂದ ಒಂದು ಖಾಲಿ ಚೀಲ ತನ್ನಿ, ನಿಮ್ಮ ಕಸ ನಿಮ್ಮ ಜೊತೆ ವಾಪಸ್ ಹೋಗಲಿ. ಅದರ ಜೊತೆ ಒಂದು ಜೊತೆ ಒಣಬಟ್ಟೆ, ಕಾಲು ತೊಳೆಯಲು ಒಂದು ಬಾಟಲಿ ನೀರು.

ಭಾಷೆಯ ಚಿಂತೆ ಬೇಡ. ಕುಂಬಳೆ ಕಡೆ ಕನ್ನಡ, ತುಳು ಎರಡೂ ನಡೆಯುತ್ತವೆ. ಬೇಕಲದಲ್ಲಿ ಮಲಯಾಳ ಜಾಸ್ತಿ, ಆದರೂ ಕನ್ನಡದಲ್ಲಿ ಕೇಳಿದರೆ ಅರ್ಥ ಮಾಡಿಕೊಂಡು ಉತ್ತರ ಹೇಳುವವರು ಸಿಗುತ್ತಾರೆ.

ವಾರದ ನಡುವೆ ಬರಲು ಆದರೆ ಬನ್ನಿ. ಭಾನುವಾರವೇ ಆಗಬೇಕೆಂದರೆ ಸೂರ್ಯ ಮುಳುಗಿದ ಕೂಡಲೇ ಗಾಡಿ ತೆಗೆಯಬೇಡಿ, ಎಲ್ಲರೂ ಒಟ್ಟಿಗೆ ಹೊರಟು ಗೇಟಿನ ಹತ್ತಿರ ಸಾಲು ನಿಲ್ಲುತ್ತದೆ. ಚಹಾ ಕುಡಿದು ಏಳು ಗಂಟೆಗೆ ಹೊರಡಿ. ಬಸ್ಸಿನವರು ಮಾತ್ರ ಕಾಯಬೇಡಿ, ಕಾಸರಗೋಡಿನಿಂದ ಮುಂದೆ ನಿಮ್ಮೂರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಬೆಳಗ್ಗೆಯೇ ಸ್ಟ್ಯಾಂಡಿನಲ್ಲಿ ಕೇಳಿಟ್ಟುಕೊಳ್ಳಿ.