"ನಾನ್ಯಾರು ಹೇಳಿ ನೋಡೋಣ" ಅಂತ ಕೇಳಬೇಡಿ

ಅಪ್ಪನಿಗೆ ಮರೆವಿನ ಕಾಯಿಲೆ. ಅವರನ್ನು ನೋಡಲು ಬರುವವರದ್ದೆಲ್ಲ ಒಂದೇ ಪ್ರಶ್ನೆ: "ನಾನ್ಯಾರು ಹೇಳಿ ನೋಡೋಣ?" ಚಪ್ಪಲಿ ಬಿಡುವ ಮೊದಲೇ ಪರೀಕ್ಷೆ ಶುರು. ಪ್ರೀತಿಯಿಂದಲೇ ಕೇಳ್ತಾರೆ, ಗೊತ್ತು. ಆದರೆ ಅಪ್ಪ ತಡವರಿಸಿ ಯಾವುದೋ ಹೆಸರು ಹೇಳಿಬಿಡುತ್ತಾರೆ. ಮುಂದಿನ ಸಲವೂ ಅದೇ ತಪ್ಪು ಹೆಸರು ಬಾಯಿಗೆ ಬರುತ್ತೆ.

1994ರಲ್ಲಿ ಬ್ಯಾಡ್ಲಿ ಮತ್ತು ವಿಲ್ಸನ್ ಎಂಬ ಬ್ರಿಟಿಷ್ ಸಂಶೋಧಕರು ಇದನ್ನೇ ನೋಡಿದ್ದರು. ನೆನಪಿನ ಶಕ್ತಿ ಕಳೆದುಕೊಂಡವರಿಗೆ ಎರಡು ರೀತಿಯಲ್ಲಿ ಪದಗಳನ್ನು ಕಲಿಸಿದರು. ಒಂದರಲ್ಲಿ ಊಹಿಸಲು ಬಿಟ್ಟರು, ಇನ್ನೊಂದರಲ್ಲಿ ಸರಿ ಉತ್ತರವನ್ನು ಮೊದಲೇ ಹೇಳಿಕೊಟ್ಟರು. ಹೇಳಿಕೊಟ್ಟಾಗಲೇ ಚೆನ್ನಾಗಿ ಕಲಿತರು. ನಮಗಾದರೆ ತಪ್ಪಿದ್ದು ನೆನಪಿರುತ್ತೆ, ತಿದ್ದಿಕೊಳ್ತೇವೆ. ಅವರಿಗೆ ತಿದ್ದಿದ್ದು ಮರೆತು ತಪ್ಪೇ ಉಳಿದುಬಿಡುತ್ತೆ. ಅದಕ್ಕೇ ಹೇಳೋದು, "ಮಾವ, ನಾನು ನಿಮ್ಮ ತಂಗಿ ಮಗಳು" ಅಂತ ನೀವೇ ಹೇಳಿಕೊಂಡು ಒಳಗೆ ಬನ್ನಿ.

ಬೇಕಾದ ಒಂದೆರಡು ವಿಷಯ ತಲೆಯಲ್ಲಿ ಕೂರಿಸೋದಕ್ಕೂ ದಾರಿ ಇದೆ, ಸ್ಪೇಸ್ಡ್ ರಿಟ್ರೀವಲ್ ಅಂತಾರೆ. "ಕನ್ನಡಕ ಅಂಗಿ ಜೇಬಲ್ಲಿದೆ" ಅಂತ ಹೇಳಿ ತಕ್ಷಣ ಕೇಳಬೇಕು. ಆಮೇಲೆ ಒಂದು ನಿಮಿಷ ಬಿಟ್ಟು, ಎರಡು ಬಿಟ್ಟು, ನಾಲ್ಕು ಬಿಟ್ಟು. ನಡುವೆ ಸುಮ್ನೆ ಬೇರೆ ಮಾತಾಡ್ತಿರಬೇಕು. ತಪ್ಪಿದರೆ ಉತ್ತರ ಹೇಳಿಕೊಟ್ಟು ಹಿಂದಿನ ಅಂತರಕ್ಕೇ ಹೋಗಬೇಕು. ಅಪ್ಪನ ಕೈ ಈಗ ತಾನಾಗಿ ಜೇಬಿಗೆ ಹೋಗುತ್ತೆ.

ನನಗೆ ಜಾಸ್ತಿ ಹಿಡಿಸಿದ್ದು ಕಾಗ್ನಿಟಿವ್ ಸ್ಟಿಮ್ಯುಲೇಶನ್ ಥೆರಪಿ. ಔಷಧಿ ಇಲ್ಲ. ಮರೆವಿನ ಕಾಯಿಲೆ ಇರುವ ಕೆಲವರು ಸುತ್ತ ಕೂತು ಊಟ, ಬಾಲ್ಯ, ಪೇಪರ್ ಸುದ್ದಿ ಅಂತ ಮಾತಾಡೋದು. ಇಂಗ್ಲೆಂಡಿನಲ್ಲಿ 201 ಮಂದಿಯ ಮೇಲೆ, ವಾರಕ್ಕೆ ಎರಡು ಸಲದಂತೆ 7 ವಾರ ನಡೆಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆನಪಿನ ಪರೀಕ್ಷೆಯಲ್ಲೂ ಬದುಕಿನ ನೆಮ್ಮದಿಯಲ್ಲೂ ಸ್ವಲ್ಪ ಸುಧಾರಣೆ ಕಂಡಿತು. ಕಾಯಿಲೆ ವಾಸಿಯಾಗೋ ಮಾತಲ್ಲ ಇದು. ಅಲ್ಲಿನ ಮುಖ್ಯ ನಿಯಮ: ಇಸವಿ, ಹೆಸರು ಕೇಳಬೇಡಿ, ಅಭಿಪ್ರಾಯ ಕೇಳಿ.

ಅಪ್ಪ ಕೊಡಗಿನ ಸುಂಟಿಕೊಪ್ಪದ ಕಡೆ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದವರು. ಎಷ್ಟು ವರ್ಷ ಅಂತ ಕೇಳಿದರೆ ಮುಖ ಬಾಡುತ್ತೆ. ಕಣದಿಂದ ಒಂದು ಹಿಡಿ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಕಾಫಿ ಬೀಜ) ತಂದು ಅಂಗೈಗೆ ಹಾಕಿ "ಒಣಗಿದೆಯಾ ಅಪ್ಪ?" ಅಂತ ಕೇಳಿ ನೋಡಿ. ಸಿಪ್ಪೆ ಉಜ್ಜಿ ತೆಗೀತಾರೆ, ಬೀಜವನ್ನು ಹಲ್ಲಲ್ಲಿ ಕಚ್ಚುತ್ತಾರೆ, "ಇನ್ನೊಂದು ಬಿಸಿಲು ಬೇಕು" ಅಂತಾರೆ. ಆಮೇಲೆ ಅರ್ಧ ಗಂಟೆ ಚೆಕ್‌ರೋಲು ಅನ್ನೋ ಹಾಜರಿ ಪುಸ್ತಕ, ಆಳು ಲೆಕ್ಕ, ಮಳೆಗೆ ಸಿಕ್ಕಿದ ಕಾಫಿ, ಎಲ್ಲ ಬರುತ್ತೆ.

ಬ್ರೈನ್ ಗೇಮ್ ಆ್ಯಪ್ ಹಾಕಿಕೊಡಿ ಅಂತ ವಾಟ್ಸಾಪಿನಲ್ಲಿ ಸಲಹೆ ಬರ್ತಾನೇ ಇರುತ್ತೆ. ಮರೆವು ತಡೆಯುತ್ತೆ ಅಂತ ಜಾಹೀರಾತು ಕೊಟ್ಟ ಲುಮಾಸಿಟಿ ಎಂಬ ಇಂಥದೇ ಆ್ಯಪಿನವರು 2016ರಲ್ಲಿ ಅಮೆರಿಕ ಸರ್ಕಾರಕ್ಕೆ 20 ಲಕ್ಷ ಡಾಲರ್ ಕಟ್ಟಿ ಕೇಸು ಮುಗಿಸಿಕೊಂಡರು. ಅಷ್ಟು ಸಾಕಲ್ವಾ?

ಒಂದು ತೊಡಕಿದೆ. ಆ ಸ್ಟಿಮ್ಯುಲೇಶನ್ ಥೆರಪಿಯನ್ನೇ ಮನೆಯವರೊಬ್ಬರೇ ಮಾಡಿಸಿದರೆ ಹೇಗೆ ಅಂತ, ಕಾಯಿಲೆಯವರು ಮತ್ತು ಅವರನ್ನು ನೋಡಿಕೊಳ್ಳುವವರ 356 ಜೋಡಿಗಳ ಮೇಲೆ ನೋಡಿದ್ದಾರೆ, 2017ರಲ್ಲಿ ವರದಿ ಬಂತು. ನೆನಪು ಸುಧಾರಿಸಲಿಲ್ಲ. ಆದರೆ ನೋಡಿಕೊಳ್ಳುವವರ ಜೊತೆ ಸಂಬಂಧ ಚೆನ್ನಾಯಿತಂತೆ. ನನಗೆ ಅದೂ ಸಣ್ಣದಲ್ಲ. ಆದರೂ ಗುಂಪು ಬೇಕು ಅನ್ನಿಸಿ, ಸಂತೆ ದಿನ ಅಪ್ಪನ ಹಳೇ ಸ್ನೇಹಿತರೊಬ್ಬರನ್ನು ಕರೆಯಲಾ ಅಂತ ಕೇಳಿದೆ. "ಅವನಾ? ಬರೀ ಮೆಣಸಿನ ರೇಟು ಕೊರೀತಾನೆ" ಅಂದರು. ಕರೆದಿದ್ದೇನೆ.